ಹಗೇವಿನ ಮೇಲಿನ ಹಸಿರು ಕಪ್ಪೆ

ಎಪ್ಪತ್ತರ ದಶಕದಲ್ಲಿ ನಾನು ಮನಗೂಳಿಯಿಂದ ತಾಂಬಾಕ್ಕೆ ಸೊಸೆಯಾಗಿ ಬಂದೆ. ಆ ಮನೆಯ ಹೆಂಗಸರು ಬೆಳಕು ಹರಿಯುವ ಮೊದಲೇ ಎದ್ದು, ದನದ ಕೊಟ್ಟಿಗೆಯ ಹಿಂದೆ ಸೀರೆ ಮರೆ ಕಟ್ಟಿಕೊಂಡು ಸ್ನಾನ ಮಾಡುತ್ತಾರೆಂದು ಗೊತ್ತಾದಾಗ ನಾನು ಕಂಗಾಲಾದೆ. ಅತ್ತೆ ನನ್ನ ಮುಖ ನೋಡಿದರು. ಅವರು ಮಾವನವರ ಎದುರು ಎಂದೂ ದನಿ ಎತ್ತಿದವರಲ್ಲ. ಮಗನ ಬಾಯಿಂದ ಹೇಳಿಸಿ ಅಂಗಳದಲ್ಲಿ ಬಚ್ಚಲು ಕಟ್ಟಿಸಿದರು. ಆಮೇಲೆ ತಾವೂ ಬಿಸಿಲೇರಿದ ಮೇಲೆ ಅಲ್ಲೇ ನಿಧಾನವಾಗಿ ಮೈ ತೊಳೆದುಕೊಳ್ಳತೊಡಗಿದರು.

ಮರುವರ್ಷದ ಬೇಸಿಗೆ. ಮಳೆಯ ಸುಳಿವೂ ಇಲ್ಲ. ಅಂಗಳದ ಕಸ ಗುಡಿಸಲು ಹೋದರೆ ಅಂಗೈ ಅಗಲದ ಹಸಿರು ಕಪ್ಪೆಗಳು! ಒಮ್ಮೆಲೇ ಕಾಲ ಬಳಿ ಜಿಗಿದಾಗ ಕಿರುಚಿಕೊಂಡು ಕಸಬರಿಗೆ ಬಿಸಾಕಿದೆ.

ಮಾವ ನಕ್ಕರು. "ಮಳಿ ಹತ್ರ ಬಂತು ಅಂತ ಹೇಳಾಕ ಬಂದಾವ ನೋಡು. ಹೆದರ್ತಿ ಯಾಕ?"

ನನಗೆ ನಗು ಬರಲಿಲ್ಲ. ಬೆನ್ನ ಮೇಲೆ ಹಳದಿ ಗೆರೆ, ಹಿಂಗಾಲಿನ ಬೆರಳುಗಳ ನಡುವೆ ತೊಗಲು. ತವರಿನ ಬಾವಿಕಟ್ಟೆಯಲ್ಲಿ ಇವುಗಳ ಜೊತೆಗೇ ಬೆಳೆದವಳು ನಾನು. ಬೇಸಿಗೆಯಲ್ಲಿ ಹಸಿ ನೆಲ ಬಿಟ್ಟು ಕದಲದ ಜಾತಿ. ಈ ಒಣ ಅಂಗಳದಲ್ಲಿ ಇವಕ್ಕೆ ಹಸಿ ಎಲ್ಲಿ ಸಿಕ್ಕಿತು? ನೋಡುತ್ತಿದ್ದಂತೆಯೇ ಒಂದು ಕುಪ್ಪಳಿಸಿ, ಹಗೇವಿನ ಬಾಯಿಗೆ ಮುಚ್ಚಿದ್ದ ಕಲ್ಲಿನ ಸಂದಿಯಲ್ಲಿ ಇಳಿದುಹೋಯಿತು. ವರ್ಷಪೂರ್ತಿ ಉಣ್ಣುವ ಜೋಳವೆಲ್ಲ ನೆಲದೊಳಗಿನ ಆ ಹಗೇವಿನಲ್ಲೇ ಇತ್ತು.

"ಮಾವಾರ, ಇವು ನೀರಿನ ಕಪ್ಪಿ ಅದಾವ್ರಿ. ಹಗೇವಿನ್ಯಾಗ ನೀರು ಇಳದೈತೇನೋ."

ಅವರ ನಗು ಅಲ್ಲೇ ನಿಂತಿತು. ಕಲ್ಲು ಸರಿಸಿ, ಒಳಗಿನ ಗಾಳಿ ಕೆಟ್ಟಿದೆಯೋ ಎಂದು ನೋಡಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಇಳಿಯುವಷ್ಟರಲ್ಲಿ ಅದು ಆರಿಹೋಯಿತು. ಹುಳಿನಾತ ಗಪ್ಪನೆ ಮುಖಕ್ಕೆ ಹೊಡೆಯಿತು. ಗಾಳಿಯಾಡಲು ಬಿಟ್ಟು, ಸಂಜೆ ಇಳಿದು ಬುಟ್ಟಿ ಮೇಲೆತ್ತಿದರೆ, ಮೊಳಕೆಯೊಡೆದು ಕಪ್ಪಾಗಿ ಮುದ್ದೆಗಟ್ಟಿದ ಜೋಳ. ಹಗೇವಿನ ಒಳಗೋಡೆ ಬಚ್ಚಲಿನ ಕಡೆಗೆ ಪೂರ್ತಿ ಒದ್ದೆ; ಅಲ್ಲಿಯ ನೀರೇ ಜಿನುಗಿ ಇಳಿದಿತ್ತು.

ಎಲ್ಲರ ಕಣ್ಣೂ ಬಚ್ಚಲಿನತ್ತ ತಿರುಗಿದವು. ಆಮೇಲೆ ನನ್ನತ್ತ. ನೆಲ ಬಾಯ್ಬಿಡಬಾರದೇ ಅನಿಸಿತು. ಈ ಸೊಸೆಯ ಕಾಲ್ಗುಣ ಎಂಬ ಮಾತು ಇನ್ನೇನು ಬಂತು ಎಂದು ಕಾದೆ. ಮಾವ ಗುದ್ದಲಿ ತೆಗೆದುಕೊಂಡು ನೇರ ಬಚ್ಚಲಿನ ಕಡೆ ನಡೆದರು.

ಅತ್ತೆ ಓಡಿಬಂದು ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು. ತಲೆಯ ಮೇಲಿನ ಸೆರಗು ಜಾರಿತ್ತು.

"ಹಗೇವು ಬ್ಯಾರೆ ಕಡೆ ತೋಡ್ರಿ," ಎಂದರು. ಓಣಿಗೆಲ್ಲ ಕೇಳುವಂತಿತ್ತು ಆ ದನಿ. "ಇದನ್ನ ಮಾತ್ರ ಮುಟ್ಟಬ್ಯಾಡ್ರಿ."

ಮಾವ ಬೆಪ್ಪಾಗಿ ನಿಂತರು. ನಾನೂ. ಅವರ ಕೈಯ ಗುದ್ದಲಿ ಮೆಲ್ಲಗೆ ಕೆಳಗಿಳಿಯಿತು.