ಪರಮೇಶಪ್ಪನವರ ಸ್ಯಾಂಪಲ್ ಪೊಟ್ಟಣ

ಕೊಡಗಿನ ಸಿದ್ದಾಪುರದ ಕಾಫಿ ಮಂಡಿಯೊಂದರಲ್ಲಿ ಪರಮೇಶಪ್ಪನವರು ಮೂವತ್ತೊಂದು ವರ್ಷ ಸ್ಯಾಂಪಲ್ ನೋಡಿದವರು. ಮೂಟೆಯ ಬಾಯಲ್ಲಿರುವ ಕಾಳನ್ನು ಅವರು ಒಂದು ದಿನವೂ ನಂಬಲಿಲ್ಲ. ಮೊಣಕೈವರೆಗೆ ಕೈ ಇಳಿಸಿ, ಮೂಟೆಯ ನಡುವಿನಿಂದ ಒಂದು ಹಿಡಿ ಎಳೆದು, ಎರಡು ಕಾಳು ಹಲ್ಲಿಗೆ ಕೊಟ್ಟು 'ಹಸಿ' ಎಂದರೆ ಮುಗಿಯಿತು. ತೂಕ ಬರಲಿ ಎಂದು ನೀರು ಚಿಮುಕಿಸಿ ತಂದವನು ತಲೆ ತಗ್ಗಿಸಿ ಮೂಟೆ ಕಟ್ಟಿಕೊಂಡು ಹೊರಡಬೇಕು. ಒಮ್ಮೆ ಅವರು ಹಲ್ಲುನೋವೆಂದು ರಜೆ ಹಾಕಿದ ಸುದ್ದಿ ಹಬ್ಬಿ, ಮಧ್ಯಾಹ್ನದೊಳಗೆ ಮಂಡಿಯ ಮುಂದೆ ಹಸಿ ಕಾಫಿಯ ಲಾರಿಗಳು ವಿರಾಜಪೇಟೆಯವರೆಗೆ ಸಾಲು ನಿಂತಿದ್ದವು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಹುಟ್ಟೂರು ಶನಿವಾರಸಂತೆ ಕಡೆ, ಮನೆ ಈಗ ನೆಲ್ಯಹುದಿಕೇರಿಯಲ್ಲಿ. ಕೆಲಸದಿಂದ ನಿವೃತ್ತರಾದರೂ ಅನುಮಾನಕ್ಕೆ ನಿವೃತ್ತಿಯಿಲ್ಲ. ಹೆಂಡತಿ ಸುಲೋಚನಮ್ಮ ಲೋಟ ಕೈಗೆ ಕೊಟ್ಟರೆ ಮೊದಲು ಮೂಸುತ್ತಾರೆ, ಆಮೇಲೆ ಕುಡಿಯುತ್ತಾರೆ. "ನಲವತ್ತು ವರ್ಷ ಆಯ್ತು ಕಣ್ರೀ, ನನ್ನನ್ನೂ ಇನ್ನೂ ಸ್ಯಾಂಪಲ್ ಅಂತಲೇ ಇಟ್ಕೊಂಡಿದಾರೆ, ಮಾಲು ಒಪ್ಕೊಂಡಿಲ್ಲ" ಎಂದು ಆಕೆ ಅಕ್ಕಪಕ್ಕದವರ ಹತ್ತಿರ ಹೇಳುವುದುಂಟು.

ಮಂಡಿಯಿಂದ ಅವರು ಮನೆಗೆ ತಂದ ಆಸ್ತಿ ಮೂರು: ಸ್ಯಾಂಪಲ್ ತೂಗುವ ಪುಟ್ಟ ತಕ್ಕಡಿ, ಕಾಯಿಕೊರಕ ಹುಳುವಿನ ತೂತು ಹುಡುಕುವ ಭೂತಗನ್ನಡಿ, ಮತ್ತು ಒಂದು ಪದ್ಧತಿ. ತಿರಸ್ಕರಿಸಿದ ಮಾಲಿನಲ್ಲಿ ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿ, ಮೇಲೆ ತೂಕ, ತಾರೀಖು, ತಂದವನ ಹೆಸರು ಬರೆದು ಇಡಬೇಕು. ನಾಳೆ ಜಗಳ ಬಂದರೆ ಅವನನ್ನು ಎದುರಿಗೆ ಕೂರಿಸಿಕೊಂಡೇ ಪೊಟ್ಟಣ ಬಿಚ್ಚಬೇಕು. ಪೊಟ್ಟಣ ಯಾರ ಪರವಾಗಿ ಮಾತಾಡುತ್ತದೋ ಅವನು ಗೆದ್ದ ಹಾಗೆ. ಅದು ಪರಮೇಶಪ್ಪನವರ ವಿರುದ್ಧ ಒಮ್ಮೆಯೂ ಮಾತಾಡಿರಲಿಲ್ಲ.

ಇಂಥವರು ಎಲ್‌ಇಡಿ ಚಿಪ್ಪಿನ ಸಹವಾಸಕ್ಕೆ ಬಿದ್ದದ್ದು ಕರಿಮೆಣಸಿನಿಂದ. ಅವರ ಅರ್ಧ ಎಕರೆಯಲ್ಲಿದ್ದ ಮೆಣಸಿನ ಬಳ್ಳಿಗಳನ್ನೆಲ್ಲ ಸೊರಗು ರೋಗ ಎರಡು ಮಳೆಗಾಲದಲ್ಲಿ ಮುಗಿಸಿತ್ತು. ರೋಗಕ್ಕೆ ಸೊಪ್ಪು ಹಾಕದೆ ನಿಂತದ್ದು ಬಾವಿಯ ಪಕ್ಕದ ಹಾಲುವಾಣದ ಮರಕ್ಕೆ ಹಬ್ಬಿದ್ದ ಒಂದೇ ಬಳ್ಳಿ. ಕಳೆದ ಜುಲೈಯ ಗಾಳಿ ಆ ಮರವನ್ನು ಬುಡಸಮೇತ ಕಿತ್ತು ಬಳ್ಳಿಯೊಂದಿಗೆ ಬಾವಿಗೆ ಹಾಕಿತು. ಪರಮೇಶಪ್ಪನವರು ಮಳೆಯಲ್ಲೇ ಹೋಗಿ ಕೈಗೆ ಸಿಕ್ಕ ಹಂಬಿನಿಂದ ಹದಿನೆಂಟು ತುಂಡು ಕತ್ತರಿಸಿ ಪ್ಲಾಸ್ಟಿಕ್ ಚೀಲದ ಮಣ್ಣಿಗೆ ಊರಿದರು. ಅವು ಬೇರು ಬಿಟ್ಟರೆ ತೋಟದಲ್ಲಿ ಮತ್ತೆ ಮೆಣಸು, ಇಲ್ಲದಿದ್ದರೆ ಆ ತಳಿಯ ಕತೆ ಅಲ್ಲಿಗೆ ಸಮಾಪ್ತಿ.

ಹೊರಗಿಟ್ಟರೆ ಕೊಳೆಯುತ್ತವೆ. ಆ ಸಲದ ಮಳೆ ಹೇಗಿತ್ತೆಂದರೆ, ಕಾವೇರಿಯೇ ನೆನೆಯಬಾರದೆಂದು ಸೇತುವೆಯ ಕೆಳಗೆ ಒತ್ತರಿಸಿಕೊಂಡು ನಿಂತಿದ್ದಳು. ಹಾಗಾಗಿ ಹದಿನೆಂಟು ಚೀಲಗಳೂ ಒಳಕೋಣೆ ಸೇರಿದವು. ಅಲ್ಲಿ ಕತ್ತಲು. ಒಂದೇ ವಾರಕ್ಕೆ ಎಲೆಗಳು ಬಿಳಿಚಿಕೊಂಡವು. ದೀಪ ಹಾಕಿಯೇ ಬೆಳೆಸುವುದೆಂದು ಪರಮೇಶಪ್ಪನವರು ತೀರ್ಮಾನಿಸಿದರು.

ಪಕ್ಕದ ತೋಟದ ಉತ್ತಯ್ಯ ಇಣುಕಿ ನೋಡಿದರು. "ಎಂತದು ಮಾರಾಯ್ರೆ, ಮೆಣಸು ನೆರಳಿನ ಗಿಡ ಅಲ್ವಾ? ಅದಕ್ಕೂ ಲೈಟ್ ಹಾಕ್ತಾರಾ?"

"ನೆರಳು ಬೀಳಬೇಕಾದ್ರೆ ಬಿಸಿಲು ಇರ್ಬೇಕಲ್ರೀ ಉತ್ತಯ್ಯ? ಬಿಸಿಲೇ ಇಲ್ದೆ ಬರೀ ನೆರಳು ಎಲ್ಲಿಂದ ತರ್ಲಿ?" ಎಂದರು ಪರಮೇಶಪ್ಪ. ಉತ್ತಯ್ಯ ಹೋದ ಮೇಲೆ ಹೆಂಡತಿಗೆ, "ಈ ಮನುಷ್ಯ ಯಾಕೆ ಚೀಲ ಎಣಿಸ್ತಿದ್ದ?" ಎಂದು ಕೇಳಿದರು.

ಸಿದ್ದಾಪುರದಲ್ಲಿ ಮಿಕ್ಸಿ, ಮೋಟಾರು ರಿಪೇರಿ ಮಾಡುವ ಅಭಿಲಾಷ್ ಮೂರು ಬಗೆಯ ಎಲ್ಇಡಿ ಚಿಪ್ಪು ಮೇಜಿನ ಮೇಲಿಟ್ಟ. ಒಂದೊಂದೂ ಬೆಂಕಿಪೊಟ್ಟಣದಷ್ಟು ಅಗಲದ ಬಿಲ್ಲೆ. ಮೂರರ ಮೇಲೂ ಐವತ್ತು ವ್ಯಾಟ್ ಎಂದು ಬರೆದಿತ್ತು.

"ಇದು ನೇರಳೆ ಬೆಳಕು ಪರಮೇಶಣ್ಣ. ಗಿಡಕ್ಕೇ ಅಂತ ಬರೋದು."

"ಬೇಡಪ್ಪ. ನೇರಳೆ ಬೆಳಕಲ್ಲಿ ಎಲೆ ಹಳದಿ ಆದ್ರೂ ಗೊತ್ತಾಗಲ್ಲ. ರೋಗ ಮುಚ್ಚಿಡೋ ಲೈಟು. ಬಿಳೀದು ತೋರ್ಸು."

ಇದನ್ನು ಅಭಿಲಾಷನೂ ಒಪ್ಪಿದ. ಅಲ್ಲಿಯವರೆಗೆ ಅನುಮಾನ ಸರಿದಾರಿಯಲ್ಲೇ ನಡೆಯುತ್ತಿತ್ತು. ಉಳಿದ ಎರಡು ಬಿಳಿ ಚಿಪ್ಪುಗಳನ್ನು ಪರಮೇಶಪ್ಪನವರು ಜೇಬಿನ ತಕ್ಕಡಿಗೆ ಹಾಕಿದರು. ಒಂದು ಒಂಬತ್ತು ಗ್ರಾಂ, ಇನ್ನೊಂದು ಮೂವತ್ತು. ಅವರ ಹುಬ್ಬು ಹಣೆ ದಾಟಿ ಟೋಪಿಯೊಳಕ್ಕೆ ಹೋಯಿತು.

"ಅಷ್ಟೇ ಅಗಲದ ಮಾಲು, ಮೂರು ಪಾಲು ತೂಕ. ಏನು ತುಂಬಿದಾರೆ ಇದರೊಳಗೆ?"

"ತುಂಬಿದ್ದಲ್ಲ ಅಣ್ಣ, ಅಡಿಯಲ್ಲಿ ತಾಮ್ರ ಉಂಟು. ಬಿಸಿ ಬೇಗ ಎಳೀತದೆ. ಹಗುರದ್ದು ಅಲ್ಯೂಮಿನಿಯಂ."

"ಎಲ್ಲಿಂದ ಬಂತು ಇದು?"

"ಕಣ್ಣೂರಿಂದ, ಬಸ್ಸಲ್ಲಿ."

"ಮಾಕುಟ್ಟ ದಾಟಿ ಬಂದದ್ದಾ?" ಕೇರಳ ಗಡಿಯ ಆ ಚೆಕ್‌ಪೋಸ್ಟ್ ದಾಟಿ ಬಂದ ಒಂದು ಮೂಟೆ ಮೆಣಸಿನಲ್ಲಿ ಅವರು ಹಿಂದೆ ಪಪ್ಪಾಯಿ ಬೀಜ ಹಿಡಿದಿದ್ದರು. ಅಂದಿನಿಂದ ಆ ರಸ್ತೆಯ ಮೇಲೆ ಬಂದ ಗಾಳಿಯನ್ನೂ ಅವರು ಜರಡಿ ಹಿಡಿಯದೆ ಉಸಿರಾಡಿದವರಲ್ಲ.

ಅಭಿಲಾಷ್ ಎರಡಕ್ಕೂ ಸ್ವಲ್ಪವೇ ಕರೆಂಟು ಕೊಟ್ಟ. ಚಿಪ್ಪಿನೊಳಗೆ ಚುಕ್ಕಿಗಳು ಬೇರೆ ಬೇರೆಯಾಗಿ ಮಿನುಗಿದವು. ಪರಮೇಶಪ್ಪನವರು ಭೂತಗನ್ನಡಿ ಹಿಡಿದು ಎಣಿಸಿದರು: ಅದರಲ್ಲೂ ಐವತ್ತು, ಇದರಲ್ಲೂ ಐವತ್ತು. ಆದರೆ ತಾಮ್ರದ್ದರಲ್ಲಿ ಚುಕ್ಕಿ ದಪ್ಪ, ಹಗುರದ್ದರಲ್ಲಿ ಸಣ್ಣ.

"ಚುಕ್ಕಿ ದಪ್ಪ ಇದ್ರೆ ಬಾಳಿಕೆ ಜಾಸ್ತಿ" ಎಂದ ಅಭಿಲಾಷ್.

"ನನಗೆ ಹೇಳ್ತೀಯೇನೋ? ಕಾಫೀಲಿ ಸಣ್ಣ ಕಾಳು ಅಂದ್ರೆ ಪೀಬೆರಿ! ಅದಕ್ಕೇ ಬೇಡಿಕೆ ಜಾಸ್ತಿ. ತೂಕದ್ದು ಅಂದ್ರೆ ನೀರು ಕುಡಿದ ಮಾಲು. ಹಗುರದ್ದು ಎರಡು ಕಟ್ಟು."

"ಇದು ಕಾಫಿ ಅಲ್ಲ, ಪರಮೇಶಣ್ಣ."

"ಮೋಸಕ್ಕೆ ಕಾಫಿ ಏನು, ಕರೆಂಟ್ ಏನು?"

ಹಗುರದ್ದು ಎರಡು ತೆಗೆದುಕೊಂಡದ್ದಲ್ಲದೆ, ತಾಮ್ರದ್ದೊಂದನ್ನೂ ಕೊಂಡರು, ಬಳಸಲಿಕ್ಕಲ್ಲ, ಸಾಕ್ಷಿಗೆ. ಮನೆಗೆ ಬಂದು ಅದನ್ನು ಕಾಗದದಲ್ಲಿ ಕಟ್ಟಿ ಬರೆದರು: 'ಅಭಿಲಾಷ್. ಮೂವತ್ತು ಗ್ರಾಂ, ಕಳ್ಳಮಾಲು. ನಾವು ಆರಿಸಿದ್ದು ಒಂಬತ್ತು ಗ್ರಾಂ, ಉತ್ತಮ.' ಪೊಟ್ಟಣ ಬಿಸ್ಕತ್ತಿನ ಡಬ್ಬಿ ಸೇರಿತು.

ಒಳಕೋಣೆಯಲ್ಲಿ ದೀಪ ಹತ್ತಿದಾಗ ಸುಲೋಚನಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಆ ಬೆಳಕಿಗೆ ಉತ್ತಯ್ಯನ ಹುಂಜ ಬೆಳಗಾಯಿತೆಂದು ಸಂಜೆ ಐದಕ್ಕೇ ಕೂಗಿತು. ಮರುದಿನ ನಿಜವಾಗಿ ಬೆಳಗಾದಾಗ ಗಂಟಲು ಕಟ್ಟಿ ಸುಮ್ಮನಿತ್ತು. ಎಲೆಗಳು ಮೂರು ದಿನ ತಲೆ ಎತ್ತಿದವು.

ನಾಲ್ಕನೆಯ ದಿನ ಸುಟ್ಟ ವಾಸನೆ. ಒಂದು ಚಿಪ್ಪಿನ ಹೊಟ್ಟೆ ಕಪ್ಪಾಗಿತ್ತು, ಇನ್ನೊಂದು ಬೆಂದ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ ಸಂಜೆಯೊಳಗೆ ಕಣ್ಣು ಮುಚ್ಚಿತು. ಪರಮೇಶಪ್ಪನವರು ಮೊದಲು ಲೈನ್‌ಮನ್ ಮೇಲೆ ಅನುಮಾನಪಟ್ಟರು, ಆಮೇಲೆ ಉತ್ತಯ್ಯನ ಮೇಲೆ, ಸ್ವಲ್ಪ ಹೊತ್ತು ಹುಂಜದ ಮೇಲೂ. ಕೊನೆಗೆ ಅಭಿಲಾಷ್ ಮಾಲು ಬದಲಾಯಿಸಿ ಕೊಟ್ಟಿದ್ದಾನೆಂದು ತೀರ್ಮಾನವಾಯಿತು.

ಮತ್ತೂ ಐದು ದಿನ ಕತ್ತಲು. ಹೇಳಿಕಳಿಸಿದರೂ ರಸ್ತೆ ಮೇಲೆ ಮರ ಬಿದ್ದು ಅಭಿಲಾಷ್ ಬರುವುದು ತಡವಾಯಿತು, ಅವನಿಲ್ಲದೆ ಪೊಟ್ಟಣ ಬಿಚ್ಚುವಂತಿಲ್ಲ. ಅಷ್ಟರಲ್ಲಿ ಏಳು ಕಡ್ಡಿಗಳು ಎಲೆ ಉದುರಿಸಿ ಕೊಳೆತವು.

"ಆ ಡಬ್ಬೀಲಿ ಒಂದು ಸುಮ್ನೆ ಬಿದ್ದಿದೆಯಲ್ರೀ, ಹಾಕಿ ನೋಡಬಾರದಾ?" ಎಂದರು ಸುಲೋಚನಮ್ಮ.

"ಎದುರು ಪಾರ್ಟಿ ಇಲ್ದೆ ಬಿಚ್ಚಿದ್ರೆ ಅದು ಸಾಕ್ಷಿ ಹೇಗಾಗತ್ತೆ?"

"ಸಾಕ್ಷಿ ಹೇಳೋಕೆ ಗಿಡ ಉಳೀಬೇಕಲ್ಲ."

ಆರನೆಯ ದಿನ ಅಭಿಲಾಷ್ ನೆನೆದುಕೊಂಡು ಬಂದ. ಪರಮೇಶಪ್ಪನವರು ಚಾಪೆ ಹಾಸಿ, ತಕ್ಕಡಿ ನಡುವೆ ಇಟ್ಟು, ಪೊಟ್ಟಣದ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದರು. ನಂತರ ಸತ್ತ ಚಿಪ್ಪನ್ನು ತೂಗಿದರು. ಒಂಬತ್ತು ಗ್ರಾಂ. ಇನ್ನೊಂದೂ ಒಂಬತ್ತು. ಭೂತಗನ್ನಡಿ ತಂದರು, ಅದೇ ಸಣ್ಣ ಚುಕ್ಕಿ.

"ಬದಲಾಯಿಸಿದ್ನಾ?" ಎಂದರು ಸುಲೋಚನಮ್ಮ.

ಪರಮೇಶಪ್ಪನವರು ತಕ್ಕಡಿಯ ಮುಳ್ಳನ್ನು ಉಗುರಿನಿಂದ ತಟ್ಟಿದರು. ಬಾಗಿಲು ಹಾಕಿ, ಗಾಳಿಯಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ತೂಗಿದರು. ಮುಳ್ಳು ಕದಲಲಿಲ್ಲ.

"ನೀನು ಕೊಟ್ಟದ್ದು ನಾನು ಆರಿಸಿದ್ದನ್ನೇ" ಎಂದರು ಕೊನೆಗೆ, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ. "ತಾಮ್ರದ್ದನ್ನ ಹಾಕು."

ಅಭಿಲಾಷ್ ನಗಲಿಲ್ಲ, ಪಾಪ, ಕೆನ್ನೆ ಕಚ್ಚಿಕೊಂಡು ಚಿಪ್ಪಿನ ಬೆನ್ನಿಗೆ ಬಿಸಿ ಎಳೆಯುವ ಬಿಳಿ ಪೇಸ್ಟ್ ಸವರಿದ. ದೀಪ ಹತ್ತಿತು. ಆ ದಿನವೆಲ್ಲ ಪರಮೇಶಪ್ಪನವರು ಗಂಟೆಗೊಮ್ಮೆ ಹೋಗಿ ದೀಪದ ಬೆನ್ನು ಮುಟ್ಟಿ, ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿಬರುತ್ತಿದ್ದರು.

ಸುಟ್ಟ ಎರಡು ಚಿಪ್ಪುಗಳನ್ನು ಅವರು ಎಸೆಯಲಿಲ್ಲ. ಕಾಗದದಲ್ಲಿ ಕಟ್ಟಿ, ತೂಕ, ತಾರೀಖು ಬರೆದು, ತಂದವನ ಹೆಸರಿನ ಜಾಗದಲ್ಲಿ ಸ್ವಲ್ಪ ಹೊತ್ತು ಪೆನ್ನು ಆಡಿಸಿ, 'ಪರಮೇಶಪ್ಪ' ಎಂದು ಬರೆದು ಡಬ್ಬಿಗೆ ಹಾಕಿದರು. ಸುಲೋಚನಮ್ಮ ಅದನ್ನು ನೋಡಿಯೂ ನೋಡದವರಂತೆ ಇದ್ದರು, ಸುಮಾರು ಕಾಲು ಗಂಟೆ. ಆಮೇಲೆ ಬೀದಿಗೆಲ್ಲ ಗೊತ್ತಾಯಿತು.

ಸೆಪ್ಟೆಂಬರ್‌ನಲ್ಲಿ ಉಳಿದ ಹನ್ನೊಂದರಲ್ಲಿ ಒಂಬತ್ತು ಕಡ್ಡಿಗಳು ಬೇರು ಬಿಟ್ಟವು. ಮೊದಲ ಹೊಸ ಎಲೆ ಬಿಚ್ಚಿದ ಬೆಳಿಗ್ಗೆ ಸುಲೋಚನಮ್ಮ ಕರೆದು ತೋರಿಸಿದರು. ಪರಮೇಶಪ್ಪನವರು ಬಗ್ಗಿ ನೋಡಿದರು, ಹೆಬ್ಬೆರಳಿಗೆ ಎಂಜಲು ಹಚ್ಚಿ ಎಲೆಯನ್ನು ಮೆಲ್ಲಗೆ ಉಜ್ಜಿದರು, ಬೆರಳನ್ನು ದೀಪಕ್ಕೆ ಹಿಡಿದರು.

ಎಲೆ ಬಣ್ಣ ಬಿಟ್ಟಿರಲಿಲ್ಲ.