ಕೈಯಕ್ಕ ಹೊಲಿದ ಕೈಗವಸು

ಅವಳನ್ನು ಎಲ್ಲರೂ ಕೈಯಕ್ಕ ಎಂದೇ ಕರೆಯುತ್ತಿದ್ದರು. ಚಂದ್ರನ ಮೇಲೆ ದುಡಿಯಲು ಹೋಗುವವರಿಗೆ ಕೈಗವಸು ಹೊಲಿಯುವುದು ಅವಳ ಕೆಲಸ. ಆ ಕಾಲದವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಿಲ್ಲ ಬಿಡಿ. ಬೀದಿಗೆ ಟಿವಿ ಬರುವ ಮುಂಚೆಯೇ ಚಂದ್ರನ ಮೇಲೆ ಠಾಣೆಗಳು ಎದ್ದಿದ್ದವು. ದೂರದ ಗಣಿಗೆ ಹೋದಂತೆ ಫಿಟ್ಟರು, ವೆಲ್ಡರು, ಅಡುಗೆಯವರು ಅಲ್ಲಿಗೆ ಹೋಗುತ್ತಿದ್ದರು, ಒಪ್ಪಂದ ಮುಗಿದ ಮೇಲೆ ಬರುತ್ತಿದ್ದರು. ಹಾಗೆ ಪೈಪ್ ಫಿಟ್ಟರಾಗಿ ಹೋದವರಲ್ಲಿ ಅವಳ ತಮ್ಮನೂ ಒಬ್ಬ.

ತಮ್ಮ ಎಂದರೆ ಬರೀ ತಮ್ಮನಲ್ಲ. ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಮದುವೆ ಗಿದುವೆ ಎಂದವರಿಗೆಲ್ಲ "ಮೊದಲು ಇವನೊಂದು ದಡ ಸೇರಲಿ" ಎನ್ನುತ್ತಿದ್ದಳು. ಅವನೋ, ಇದ್ದ ದಡವನ್ನೂ ಬಿಟ್ಟು ಚಂದ್ರನಿಗೆ ಹೊರಟ.

ಹೋಗುವವರ ಕೈಗಳನ್ನು ಮೊದಲು ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಹೊಲಿಗೆ ಕೋಣೆಯ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಗವಸಿನ ಅಳತೆ, ಹೊಲಿಗೆ ಎಲ್ಲ ಆ ಕೈಗಳ ಮೇಲೆಯೇ. ಮರಳಿ ಬಂದವನು ತನ್ನ ಪ್ಲಾಸ್ಟರ್ ಕೈಗಳನ್ನು ತಾನೇ ಸುತ್ತಿಗೆಯಿಂದ ಒಡೆದು, ಕೋಣೆಯವರಿಗೆಲ್ಲ ಟೀ ಕೊಡಿಸಬೇಕು ಎಂಬುದು ಅಲ್ಲಿನ ವಾಡಿಕೆ. ಕೈಯಕ್ಕನಿಗೆ ಬೇಕಾಗಿದ್ದುದೂ ಅಷ್ಟೇ: ತಮ್ಮ ಬಂದು ಆ ಸುತ್ತಿಗೆ ಎತ್ತಬೇಕು.

ಮೇಲಕ್ಕೆ ಕಾಗದ, ತಿಂಡಿ, ಏನನ್ನೂ ಕಳಿಸುವಂತಿರಲಿಲ್ಲ. ಕೆಲಸದ ಸಾಮಾನು ಮಾತ್ರ ಹೋಗುತ್ತಿತ್ತು. ಆಗಾಗ ಕಚೇರಿಯ ಫೋನಿನಲ್ಲಿ ಎರಡು ಮಾತಾಡಬಹುದಿತ್ತು.

"ಅಕ್ಕಾ, ಇನ್ನೊಂದು ಜೊತೆ ಗವಸು ಬೇಕಿತ್ತಲ್ಲ."

"ಮತ್ತೆ ಹರಿದ್ಯಾ? ಅಲ್ವೋ, ಅಲ್ಲಿ ಪೈಪ್ ಜೋಡಿಸ್ತೀಯೋ, ಕಲ್ಲು ಕೆರೀತೀಯೋ?"

ಮಾತು ಅಲ್ಲಿಗೆ ಮುಟ್ಟಿ ಅವನ ನಗು ಇಲ್ಲಿಗೆ ಬರಲು ಚೂರು ಹೊತ್ತು ಹಿಡಿಯುತ್ತಿತ್ತು. ಅವಳು ಫೋನನ್ನು ಕಿವಿಗೊತ್ತಿ ಕಾಯುತ್ತಿದ್ದಳು.

"ಇಲ್ಲಿನ ಧೂಳು ಕಬ್ಬಿಣ ಉಜ್ಜೋ ಅರ ಇದ್ದ ಹಾಗೆ ಅಕ್ಕಾ. ನಿನ್ನ ಬಾಯಿಗಿಂತ ಹರಿತ."

"ಬಾ ಮನೆಗೆ, ತೋರಿಸ್ತೀನಿ."

ಬೈದುಕೊಂಡೇ ಹೊಲಿಯುತ್ತಿದ್ದಳು. ಹೀಗೆ ಮೂರು ಜೊತೆ ಹೋದವು.

ಆಮೇಲೊಂದು ಬೆಳಿಗ್ಗೆ ಮೇಲಧಿಕಾರಿ ಹೊಲಿಗೆ ಕೋಣೆಗೆ ಬಂದು ಬಾಗಿಲಲ್ಲೇ ನಿಂತರು. ಠಾಣೆಯ ಹೊರಗೆ ಪೈಪು ರಿಪೇರಿ ಮಾಡುವಾಗ ತಮ್ಮನ ಗವಸು ಹರಿದು, ಉಡುಪಿನೊಳಗಿನ ಗಾಳಿಯೆಲ್ಲ ಹೊರಟುಹೋಗಿತ್ತು. ಒಳಗೆ ಎಳೆದು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲೇ ಮಣ್ಣು ಮಾಡಿದ್ದರು.

"ಹೊಲಿಗೆ ಬಿಟ್ಟಿತ್ತಾ ಸಾರ್?" ಎಂದಳು ಕೈಯಕ್ಕ.

"ಗೊತ್ತಿಲ್ಲಮ್ಮ. ಗವಸು ಹರೀತು ಅಂತಷ್ಟೇ ಹೇಳಿದ್ರು."

ಆ ಮಾತು ಅವಳನ್ನು ತಿಂದುಹಾಕಿತು. ತಮ್ಮನನ್ನು ಕೊಂದದ್ದು ತನ್ನ ಸೂಜಿಯೇ? ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣೇ ಸಿಗದು. ಪಕ್ಕದ ಮೇಜಿನವಳು ಪೋಣಿಸಿಕೊಡುತ್ತಿದ್ದಳು. ಹೊಲಿದಿಟ್ಟ ಗವಸುಗಳನ್ನೆಲ್ಲ ಬಿಚ್ಚಿ ಬಿಚ್ಚಿ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಸರಿಯಿದ್ದು ಏನು ಬಂತು? ನೋಡಬೇಕಾದ ಗವಸು ಅವನ ಜೊತೆಗೇ ಮಣ್ಣಾಗಿತ್ತು. ಕಪಾಟಿನಲ್ಲಿದ್ದ ಅವನ ಕೈಗಳನ್ನು ದಿನಾ ಒರೆಸುತ್ತಿದ್ದಳು, ಆದರೆ ಕಣ್ಣೆತ್ತಿ ನೋಡುವ ಧೈರ್ಯ ಇರಲಿಲ್ಲ.

ಕೆಲವು ತಿಂಗಳ ಮೇಲೆ, ಅವನ ಜೊತೆ ಅಲ್ಲಿದ್ದ ವೆಲ್ಡರ್ ಒಪ್ಪಂದ ಮುಗಿಸಿ ಬಂದ. ಬಂದವನು ಸುತ್ತಿಗೆ ಮುಟ್ಟಲಿಲ್ಲ. ಅವಳ ಮೇಜಿನ ಮೇಲೆ ಒಂದು ಬಟ್ಟೆಯ ಗಂಟು ಇಟ್ಟ.

"ಕೈಯಕ್ಕಾ, ಇದು ಅವನ ಹಾಸಿಗೆ ಕೆಳಗಿತ್ತು."

ಬಿಚ್ಚಿದರೆ ಮೂರು ಜೊತೆ ಕೈಗವಸು. ಒಂದರಲ್ಲೂ ಬೆರಳು ತೂರಿಸಿದ ಗುರುತಿಲ್ಲ. ಕಳಿಸುವಾಗ ಅವಳು ಸುತ್ತಿದ್ದ ದಾರ ಕೂಡ ಹಾಗೇ ಇತ್ತು.

"ಹರಿದುಹೋದ್ವು ಅಂದಿದ್ನಲ್ಲ?"

"ಹರಿದಿದ್ದು ಇಲ್ಲಿಂದ ತಗೊಂಡು ಹೋಗಿದ್ದ ಮೊದಲನೇ ಜೊತೆ. ಅದಕ್ಕೇ ತೇಪೆ ಮೇಲೆ ತೇಪೆ ಹಾಕ್ಕೊಂಡು ಹೋಗ್ತಿದ್ದ. ಹೊಸದು ಹಾಕ್ಕೊಳ್ಳೋ ಅಂದ್ರೆ, ಅಕ್ಕನ ಕೈಯಿಂದ ಇಲ್ಲಿಗೆ ಬರೋದು ಇದೊಂದೇ, ಇದಕ್ಕೂ ಧೂಳು ಹತ್ತಿಸಿದ್ರೆ ನನ್ನ ಹತ್ರ ಏನು ಉಳಿಯುತ್ತೆ ಅಂತಿದ್ದ. ನಾವೆಲ್ಲ ಗೇಲಿ ಮಾಡ್ತಿದ್ವಿ." ವೆಲ್ಡರ್ ತಲೆ ತಗ್ಗಿಸಿದ. "ಆವತ್ತು ಬಿಟ್ಟಿದ್ದು ಆ ತೇಪೆ. ನಿಮ್ಮ ಹೊಲಿಗೆ ಅಲ್ಲ."

ಇಷ್ಟು ದಿನ ಅವಳು ಕಾದಿದ್ದ ಮಾತು ಇದೇ. ಕೇಳಿ ಎದೆ ಹಗುರಾಗಬೇಕಿತ್ತು. ಆದರೆ, ಪಾಪ, ತಪ್ಪು ತನ್ನ ಸೂಜಿಯದೇ ಆಗಿದ್ದರೆ ಚೆನ್ನಾಗಿತ್ತು ಅನಿಸಿಬಿಟ್ಟಿತು ಅವಳಿಗೆ. ಅವನು ಬೇಕು ಬೇಕು ಎಂದು ಕೇಳಿದ್ದು ಗವಸನ್ನಲ್ಲ ಎಂದು ತನಗೇಕೆ ಹೊಳೆಯಲಿಲ್ಲ?

ಕಪಾಟಿನಿಂದ ತಮ್ಮನ ಕೈಗಳನ್ನು ಇಳಿಸಿದಳು. ಒಂದು ಜೊತೆಯ ದಾರ ಬಿಚ್ಚಿ, ಚಿಕ್ಕಂದಿನಲ್ಲಿ ಅಂಗಿ ತೊಡಿಸಿದ ಹಾಗೆ, ಒಂದೊಂದೇ ಬೆರಳು ತೂರಿಸಿ ತೊಡಿಸಿದಳು. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲಿಲ್ಲ. ಆ ಕೈಗಳನ್ನು ಹಿಡಿದುಕೊಂಡು ಎಂದಿನಂತೆ ಬೈದಳು.

"ಹಾಕ್ಕೊಳ್ಳೋಕೇ ಅಲ್ವೇನೋ ದಡ್ಡ, ನಾನು ಹೊಲಿದಿದ್ದು."

ಬೈದವಳು, ಫೋನಿನಲ್ಲಿ ಕಾಯುತ್ತಿದ್ದ ಹಾಗೆಯೇ, ಚೂರು ಹೊತ್ತು ಕಾದಳು.