ಎಳನೀರು ಹೊತ್ತು ವಾಷಿಂಗ್ಟನ್ ಹೈಟ್ಸ್‌ಗೆ

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ ನಾನು ನ್ಯೂಯಾರ್ಕ್ ಹೊರಗಿನ ಮನ್ರೋದ ಮನೆಯಿಂದ ಹೊರಟೆ. ಹಿಂದಿನ ದಿನದ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಪಾರ್ಕಿಂಗ್ ಲಾಟುಗಳ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಹಿಮ ಕರ್ರಗಾಗಿ ಇನ್ನೂ ಕೂತಿತ್ತು. ಮೆಟ್ರೋಪಾರ್ಕ್ ಸ್ಟೇಷನ್ನಿಗೆ ಇಪ್ಪತ್ತು ಮೈಲಿ ಡ್ರೈವ್. ದಾರಿಯಲ್ಲಿ ಐಸೆಲಿನ್‌ನ ಇಂಡಿಯನ್ ಅಂಗಡಿ ಆಗಷ್ಟೇ ಬಾಗಿಲು ತೆಗೆದಿತ್ತು. ಅಲ್ಲಿ ನಾಲ್ಕು ಎಳನೀರು ಕೊಂಡೆ. ಹಸಿರು ಸಿಪ್ಪೆಯನ್ನೆಲ್ಲ ಕೆತ್ತಿ, ತಲೆ ಚೂಪು ಮಾಡಿ, ಪ್ಲಾಸ್ಟಿಕ್ ಸುತ್ತಿ ಮಾರುವ ಬಿಳಿ ಕಾಯಿಗಳು. ಮದ್ದೂರಿನವಳಾದ ನನಗೆ ಅವನ್ನು ಎಳನೀರು ಎನ್ನಲು ಬಾಯಿ ಬರುವುದಿಲ್ಲ. ಆದರೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂದು ನನ್ನಮ್ಮ ಹೇಳುತ್ತಿದ್ದಳು. ಅದರಲ್ಲೂ ಕಿಡ್ನಿ ತೊಂದರೆ ಎಂದರೆ ನಮ್ಮ ಕಡೆ ಎಳನೀರು ಬಿಟ್ಟು ಬೇರೆ ಮಾತೇ ಇಲ್ಲ.

ನಾನು ನೋಡಲು ಹೊರಟಿದ್ದು ಆಲ್ತಾಗ್ರಾಸಿಯಾಳನ್ನು. ನಮ್ಮ ಮನೆಯಲ್ಲಿ ಎಲ್ಲರಿಗೂ ಅವಳು ಆಲ್ತಾ. ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದವಳು. ಹದಿನೆಂಟು ವರ್ಷದ ಹಿಂದೆ ನಾವು ಐಸೆಲಿನ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ನನ್ನ ಮಗಳು ಅನುವನ್ನು ಐದು ವರ್ಷ ನೋಡಿಕೊಂಡವಳು. ದಿನಾ ಪರ್ತ್ ಆಂಬಾಯ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಈಗ ಮಗಳು ಯೆಸೇನಿಯಾಳ ಜೊತೆ ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್‌ನಲ್ಲಿದ್ದಾಳೆ.

ಆ ವಾರ ಯೆಸೇನಿಯಾ ಫೋನ್ ಮಾಡಿದ್ದಳು. ತಾಯಿಗೆ ಬಿಪಿ, ಶುಗರ್ ಎರಡೂ ಇದ್ದು, ಈಗ ಕಿಡ್ನಿಯೂ ಸೋಲುತ್ತಿದೆ, ಮಂಗಳವಾರ ಕಿಡ್ನಿ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಇದೆ, ಆದರೆ ಅಮ್ಮ ಹೋಗುವುದೇ ಇಲ್ಲ ಎನ್ನುತ್ತಿದ್ದಾಳೆ ಎಂದಳು. ಆಲ್ತಾಳ ಅಕ್ಕ ಹಾಗೆ ಡಾಕ್ಟರ ಹತ್ತಿರ ಹೋಗಿ, ಡಯಾಲಿಸಿಸ್ ಕುರ್ಚಿಯಲ್ಲಿ ಕೂತು, ವರ್ಷದೊಳಗೆ ತೀರಿಕೊಂಡಿದ್ದಳಂತೆ. ಹಿಂದೆ ಎರಡು ಅಪಾಯಿಂಟ್‌ಮೆಂಟ್ ತಪ್ಪಿಸಿಯಾಗಿದೆ, ಮೂರನೆಯದೂ ತಪ್ಪಿದರೆ ಇನ್ನೆಷ್ಟು ತಿಂಗಳು ಕಾಯಬೇಕೋ ಗೊತ್ತಿಲ್ಲ, ಅಷ್ಟು ದಿನ ಕಿಡ್ನಿ ಕಾಯುವುದಿಲ್ಲ ಎಂದು ಹೇಳಿದಳು. ನೀವು ಹೇಳಿದರೆ ಕೇಳಬಹುದು ಎಂದಳು. ನನಗೂ ಹಾಗೇ ಅನ್ನಿಸಿತು. ಉಪದೇಶ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಮೆಟ್ರೋಪಾರ್ಕಿನಿಂದ ನ್ಯೂಯಾರ್ಕಿಗೆ ಸುಮಾರು ಹನ್ನೆರಡು ಡಾಲರ್, ಮುಕ್ಕಾಲು ಗಂಟೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಎಳನೀರಿನ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡೆ. ರೈಲು ಬ್ರೇಕು ಹಾಕಿದಾಗಲೆಲ್ಲ ಕಾಯಿಗಳು ಮೊಣಕಾಲಿಗೆ ಗುದ್ದುತ್ತಿದ್ದವು. ಪೆನ್ ಸ್ಟೇಷನ್ನಿನಲ್ಲಿ ಇಳಿದು ಸಬ್‌ವೇಯ ಎ ಲೈನ್ ಹಿಡಿದೆ. ವಾರದ ದಿನ ಹಾರಿಕೊಂಡು ಹೋಗುವ ರೈಲು ಅಂದು ರಿಪೇರಿಯ ನೆಪದಲ್ಲಿ ಕಂಡ ಕಂಡ ಸ್ಟೇಷನ್ನಿನಲ್ಲೆಲ್ಲ ನಿಂತಿತು. ನೂರ ಎಂಬತ್ತೊಂದನೇ ಬೀದಿಯ ಸ್ಟೇಷನ್ ನೆಲದಡಿ ಎಷ್ಟು ಆಳದಲ್ಲಿದೆಯೆಂದರೆ ಮೇಲೆ ಬರಲು ಲಿಫ್ಟೇ ಬೇಕು. ಹೊರಗೆ ಬಂದಾಗ ಹತ್ತು ಗಂಟೆ ದಾಟಿತ್ತು, ಗಾಳಿಗೆ ಕಿವಿ ಮರಗಟ್ಟಿತು.

ಪೂರ್ವಕ್ಕೆ ನಾಲ್ಕೈದು ಬೀದಿ ನಡೆದರೆ ಊರೇ ಬದಲಾಗುತ್ತದೆ. ಬೋರ್ಡುಗಳೆಲ್ಲ ಸ್ಪ್ಯಾನಿಷಿನಲ್ಲಿ, ಅಂಗಡಿ ಮುಂದೆ ರಟ್ಟಿನ ಪೆಟ್ಟಿಗೆ ತುಂಬ ಬಾಳೆಕಾಯಿ, ಮರಗೆಣಸು, ಸೀಮೆಬದನೆ. ಒಬ್ಬ ಹೆಂಗಸು ಗಾಡಿಯಲ್ಲಿ ದೊಡ್ಡ ಪಾತ್ರೆ ಇಟ್ಟುಕೊಂಡು ಬಿಸಿ ಬಿಸಿ ಹುರುಳಿಕಾಳಿನ ಬಣ್ಣದ ಏನನ್ನೋ ಲೋಟಕ್ಕೆ ಸುರಿಯುತ್ತಿದ್ದಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಇವರು ಮಾಡುವ ಕಾಳಿನ ಪಾಯಸ ಅದು: ಬೇಯಿಸಿದ ಕೆಂಪು ಬೀನ್ಸ್, ತೆಂಗಿನ ಹಾಲು, ಸಕ್ಕರೆ, ಚಕ್ಕೆ, ಲವಂಗ. ನಾಲ್ಕು ಡಾಲರ್ ಕೊಟ್ಟು ಕುಡಿದೆ. ಏಲಕ್ಕಿ ಒಂದು ಇದ್ದಿದ್ದರೆ ನಮ್ಮ ಮನೆಯದೇ ಎನ್ನಬಹುದಿತ್ತು.

ಆಲ್ತಾಳ ಮನೆ ಐದನೇ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ನಾನು ಏದುಸಿರು ಬಿಡುತ್ತ ಬಾಗಿಲು ತಟ್ಟಿದರೆ ಅವಳೇ ತೆಗೆದಳು. "ಊಟ ಆಯ್ತಾ?" ಎಂದಳು, ಕನ್ನಡದಲ್ಲಿ. ಅನುವಿನಿಂದ ಕಲಿತ ನಾಲ್ಕಾರು ಕನ್ನಡ ಮಾತುಗಳಲ್ಲಿ ಅದು ಒಂದು. ಉಳಿದ ಮಾತೆಲ್ಲ ನಮ್ಮಿಬ್ಬರ ಹರಕು ಮುರುಕು ಇಂಗ್ಲಿಷಿನಲ್ಲಿ ನಡೆಯುವುದು, ಅದನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಅವಳ ಮುಖ ಊದಿತ್ತು. ಕಾಲಿನ ಕಾಲುಚೀಲದ ಗುರುತು ಚರ್ಮದಲ್ಲಿ ಆಳವಾಗಿ ಕೂತಿತ್ತು.

ಕೂತ ಹತ್ತು ನಿಮಿಷದಲ್ಲೇ ನಾನು ಉಪದೇಶ ಶುರು ಮಾಡಿದೆ. ಡಾಕ್ಟರ ಹತ್ತಿರ ಹೋಗಬೇಕು, ಹೆದರಬಾರದು, ಈಗ ಎಷ್ಟೋ ಮುಂದುವರಿದಿದೆ, ಹೀಗೆ. ಅವಳು ತಲೆಯಾಡಿಸುತ್ತ ನನಗೆ ಕಾಫಿ ಸೋಸಿದಳು. ಯೆಸೇನಿಯಾ ಬಾಗಿಲಿಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಫ್ರಿಜ್ಜಿನ ಮೇಲೆ ಆಸ್ಪತ್ರೆ ಕೊಟ್ಟ ಪಥ್ಯದ ಹಾಳೆ ಅಂಟಿಸಿತ್ತು. ಬರೀ ಇಂಗ್ಲಿಷಿನಲ್ಲಿ. ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ಬರೆದು, ಬಿಡಬೇಕಾದವು ಕಿತ್ತಳೆ ರಸ, ಆಲೂಗಡ್ಡೆ ಎಂದಿತ್ತು. ಈ ಬೀದಿಯ ಜನ ದಿನಾ ತಿನ್ನುವ ಬಾಳೆಕಾಯಿಯ ಹೆಸರು ಅದರಲ್ಲಿ ಇರಲಿಲ್ಲ. ನಾನಂತೂ ಅದನ್ನು ಓದಿಯೂ ನನ್ನ ಚೀಲದ ಬಗ್ಗೆ ಯೋಚಿಸಲಿಲ್ಲ.

ಚೀಲ ನೋಡಿ ಆಲ್ತಾಳ ಮುಖ ಅರಳಿತು. ಕತ್ತಿ ತರಲು ಎದ್ದವಳನ್ನು ಯೆಸೇನಿಯಾ ತಡೆದಳು. ಹತ್ತಿರದ ಚರ್ಚಿನ ನೆಲಮಾಳಿಗೆಯಲ್ಲಿ ಅಂದು ಬಿಪಿ, ಶುಗರ್, ಕಿಡ್ನಿ ತಪಾಸಣೆಯ ಶಿಬಿರ ಇತ್ತು. ನೀವು ಬರುತ್ತೀರಿ ಎಂಬ ಕಾರಣಕ್ಕೆ ಅಮ್ಮ ಅದೊಂದಕ್ಕೆ ಒಪ್ಪಿದ್ದಾಳೆ, ಈಗ ಹೊತ್ತಾಯಿತು ಎಂದಳು. ಹಾಗಾದರೆ ಎಳನೀರು ಅಲ್ಲೇ ಕುಡಿಯೋಣ, ಶಿಬಿರ ನಡೆಸುವ ಮಿರ್ತಾಗೂ ಒಂದು ಕೊಡೋಣ ಎಂದು ಆಲ್ತಾ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮಿರ್ತಾ ಡಾಕ್ಟರಲ್ಲ, ನರ್ಸೂ ಅಲ್ಲ. ಮೂವತ್ತು ವರ್ಷ ಹೊಲಿಗೆ ಕೆಲಸ ಮಾಡಿ, ಆಮೇಲೆ ತರಬೇತಿ ಪಡೆದು, ತನ್ನ ಬೀದಿಯವರ ಆರೋಗ್ಯ ನೋಡಿಕೊಳ್ಳುವ ಕಾರ್ಯಕರ್ತೆ. ನಮ್ಮೂರ ಆಶಾ ಕಾರ್ಯಕರ್ತೆಯರಂತೆ ಎಂದುಕೊಳ್ಳಿ. ಅವಳು ಯಾರಿಗೂ ಕರಪತ್ರ ಕೊಡುತ್ತಿರಲಿಲ್ಲ. ಬಂದವರ ಎದುರು ಅಷ್ಟೇ ಎತ್ತರದ ಕುರ್ಚಿ ಎಳೆದುಕೊಂಡು ಕೂತು, ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂದು ಮೊದಲು ಕೇಳುತ್ತಿದ್ದಳು. ಆಮೇಲೆ ಚೀಲ ನೋಡುತ್ತಿದ್ದಳು. ಶಿಬಿರಕ್ಕೆ ಬರುವವರು ಮನೆಯ ದಿನಸಿ ಚೀಲ ತರಬೇಕು ಎಂಬುದು ಅವಳ ಪದ್ಧತಿ.

ನನ್ನ ಚೀಲವನ್ನೂ ನೋಡಿದಳು. ಯಾರಿಗೆ ಎಂದು ಕೇಳಿದಳು. ನಾನು ಹೆಮ್ಮೆಯಿಂದಲೇ ಆಲ್ತಾಳನ್ನು ತೋರಿಸಿದೆ. ಮಿರ್ತಾ ನಗಲಿಲ್ಲ, ಬಯ್ಯಲೂ ಇಲ್ಲ. ಗಟ್ಟಿ ಕಿಡ್ನಿ ಇರುವವರಿಗೆ ಎಳನೀರು ಒಳ್ಳೆಯದೇ, ಆದರೆ ಅದರ ತುಂಬ ಪೊಟ್ಯಾಸಿಯಂ ಇದೆ, ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಹೃದಯ, ಸಕ್ಕರೆ, ಕಿಡ್ನಿ ಮೂರೂ ಒಂದೇ ಮನೆಯವರು, ಒಬ್ಬರು ಮಲಗಿದರೆ ಉಳಿದವರಿಗೂ ನಿದ್ದೆಯಿಲ್ಲ ಎಂದಳು. ಅದನ್ನೇ ನಾನು ಎರಡು ರೈಲು ಹತ್ತಿಳಿದು ಹೊತ್ತು ತಂದಿದ್ದೆ.

ಬಾಳೆಕಾಯಿಯನ್ನು ಪೂರ್ತಿ ಬಿಡು ಎಂದು ಅವಳು ಆಲ್ತಾಗೆ ಹೇಳಲಿಲ್ಲ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ, ಸ್ವಲ್ಪವೇ ತಿನ್ನು, ಎಷ್ಟು ಎಂಬುದನ್ನು ಮಂಗಳವಾರ ಡಾಕ್ಟರು ಹೇಳುತ್ತಾರೆ ಎಂದಳು. ನಮ್ಮ ಕಡೆ ಕಾಳು ಸೊಪ್ಪು ಬೇಯಿಸಿ ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತೇವೆ, ಸತ್ವವೆಲ್ಲ ಅದರಲ್ಲೇ ಇರುವುದು ಎಂದು ನಾನು ಬಾಯಿ ಹಾಕಿದೆ.

"ಅದಕ್ಕೇ ಚೆಲ್ಲಬೇಕು" ಎಂದಳು ಮಿರ್ತಾ. "ಆ ಸಾರು ನಿಮಗೆ, ಅವಳಿಗಲ್ಲ."

ಮಂಗಳವಾರದ ಹೆಸರು ಕೇಳಿದ್ದೇ ಆಲ್ತಾ ಗೋಡೆ ನೋಡತೊಡಗಿದಳು. ಮಿರ್ತಾ ಒತ್ತಾಯ ಮಾಡದೆ ಬಿಪಿ ಯಂತ್ರವನ್ನು ಮೇಜಿನ ಮೇಲಿಟ್ಟಳು. ಆಲ್ತಾ ಥಟ್ಟನೆ ಎದ್ದು ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಮೊದಲು ಇವರಿಗೆ, ದೂರದಿಂದ ಬಂದಿದ್ದಾರೆ ಎಂದಳು.

ಆಗ ನನಗೆ ಐಸೆಲಿನ್‌ನ ಊಟದ ಮೇಜು ಕಣ್ಣಮುಂದೆ ಬಂತು. ನಮ್ಮ ಕನ್ನಡ ಬಳಗದ ಮೂರ್ತಿ ಅಂಕಲ್ ಡಾಕ್ಟರು. ನನ್ನ ಮಾವನವರು ಊರಿಂದ ಬಂದಿದ್ದಾಗ ತಿಂಗಳಿಗೊಮ್ಮೆ ಮನೆಗೆ ಬಂದು ಇಂಥದೇ ಯಂತ್ರ ಬಿಚ್ಚಿಡುತ್ತಿದ್ದರು. ಮಾವ, ಅತ್ತೆ, ನಮ್ಮೆಜಮಾನರು, ನಾನು, ಪಕ್ಕದ ಮನೆಯ ಆಂಟಿ, ಎಲ್ಲರೂ ಸರದಿಯಲ್ಲಿ ತೋಳು ಚಾಚುತ್ತಿದ್ದೆವು. ಅದೇ ಮೇಜಿನ ತುದಿಯಲ್ಲಿ ಆಲ್ತಾ ಅನುವಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಅವಳಿಗೆ ಇನ್ಶೂರೆನ್ಸ್ ಇಲ್ಲವೆಂದು ನನಗೆ ಗೊತ್ತಿತ್ತು. ತಲೆನೋವು ಎಂದಾಗಲೆಲ್ಲ ನಾನೇ ಮಾತ್ರೆ ಕೊಡುತ್ತಿದ್ದೆ. ನಿನ್ನ ತೋಳೂ ಚಾಚು ಎಂದು ಯಾರೂ ಹೇಳಲಿಲ್ಲ. ದೀಪದ ಕೆಳಗೇ ಕತ್ತಲೆ.

ಅದನ್ನು ಅಲ್ಲೇ, ಎಲ್ಲರೆದುರೇ ಹೇಳಿದೆ. ತಪ್ಪಾಯಿತು ಎಂದೆ. ಅವಳಿಗೆ ನೆನಪಿರಲಾರದು ಎಂದುಕೊಂಡಿದ್ದೆ.

"ನೆನಪಿದೆ" ಎಂದಳು ಆಲ್ತಾ. "ನಾನು ಅಂಗಿ ತೋಳು ಮಡಚಿಟ್ಟುಕೊಂಡು ಕಾಯ್ತಿದ್ದೆ. ಪಾತ್ರೆ ತೊಳೆಯೋಕೆ ಅಂತ ನೀವು ಅಂದ್ಕೊಂಡ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ, ನನಗೆ ಸಮಾಧಾನವಾಗಲಿ ಎಂದೂ ಹೇಳಿದ್ದಲ್ಲ. ನನಗೆ ಅಳು ಬಂತು. ನಾಚಿಕೆಯಾಯಿತು. ಅಳುವುದಕ್ಕೂ ನಾನೇ ಮುಂದೆ ಎಂದು ಕಣ್ಣೊರೆಸಿಕೊಂಡು ಕುರ್ಚಿಯಿಂದ ಎದ್ದೆ. "ಈ ಸಲ ಮೊದಲು ನೀನು ಕೂತ್ಕೊ" ಎಂದೆ.

ಅವಳು ಕೂತಳು. ಅಂಗಿ ತೋಳು ಮಡಚಿದಳು. ಬಿಪಿ ನೂರ ಎಪ್ಪತ್ತರ ಮೇಲಿತ್ತು. ಮಿರ್ತಾ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿ, ಆಸ್ಪತ್ರೆಯ ಕಾಗದ ಓದಿ, ಕಿಡ್ನಿ ಡಾಕ್ಟರ ಹತ್ತಿರ ಹೋಗುವುದೆಂದರೆ ಅಂದೇ ಆ ಕುರ್ಚಿಯಲ್ಲಿ ಕೂರುವುದೆಂದಲ್ಲ, ನಿನ್ನ ಅಕ್ಕ ಡಾಕ್ಟರ ಹತ್ತಿರ ಹೋದದ್ದು ಕಾಯಿಲೆ ಕೈಮೀರಿದ ಮೇಲೆ, ನೀನು ಈಗಲೇ ಹೋದರೆ ಆ ಕುರ್ಚಿಯನ್ನು ದೂರ ತಳ್ಳಲು ಇನ್ನೂ ದಾರಿಯಿದೆ ಎಂದು ವಿವರಿಸಿದಳು. ಸ್ಪ್ಯಾನಿಷ್ ದುಭಾಷಿಯನ್ನು ಕೇಳಿ ಪಡೆಯುವುದು ನಿನ್ನ ಹಕ್ಕು, ಮಗಳ ಮೇಲೆ ಆ ಭಾರ ಹಾಕಬೇಡ ಎಂದೂ ಹೇಳಿದಳಂತೆ. ಯೆಸೇನಿಯಾ ಇದನ್ನೆಲ್ಲ ನನಗೆ ಪಿಸುಮಾತಿನಲ್ಲಿ ಹೇಳುತ್ತಿದ್ದಳು.

ಆಲ್ತಾ ಅಂಗಿ ತೋಳು ಇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಮಂಗಳವಾರ ನೀವು ಬರ್ತೀರಾ? ಹೇಳೋಕಲ್ಲ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳೋಕೆ."

ಮಂಗಳವಾರ ಆಫೀಸಿನಲ್ಲಿ ನನಗೆ ತಪ್ಪಿಸಬಾರದ ಮೀಟಿಂಗ್ ಇತ್ತು. ಬರುತ್ತೇನೆ ಎಂದೆ.

ಸಂಜೆ ನಾಲ್ಕಕ್ಕೆ ವಾಪಸು ಹೊರಟೆ. ಎಳನೀರೊಂದನ್ನು ಆಲ್ತಾ ಮೂರೇಟಿಗೆ ಕೆತ್ತಿ ನನ್ನ ಕೈಗಿತ್ತಳು, ನಾನು ಕುಡಿದು ಮುಗಿಸುವವರೆಗೂ ಎದುರೇ ನಿಂತಿದ್ದಳು. ಅವಳೆದುರು ಅದನ್ನು ನುಂಗುವುದು ಕಷ್ಟವಾಯಿತು. ಎರಡು ಕಾಯಿ ಮಿರ್ತಾಗೂ ಯೆಸೇನಿಯಾಗೂ ಕೊಟ್ಟೆ. ಉಳಿದ ಒಂದು ನನ್ನ ಜೊತೆಯೇ ರೈಲು ಹತ್ತಿ ಮನ್ರೋಗೆ ಬಂತು. ಇದೇಕೆ ಮರಳಿ ಬಂತು ಎಂದು ನಮ್ಮೆಜಮಾನರು ಕೇಳಿದರು. ಹೇಳಲು ಊಟದ ಹೊತ್ತೆಲ್ಲ ಬೇಕಾಯಿತು. ಅವರು ಅರ್ಧದಲ್ಲೇ ತಿನ್ನುವುದನ್ನು ನಿಲ್ಲಿಸಿದರು.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ದಾರಿ ಹಿಡಿದೆ. ಐಸೆಲಿನ್‌ನಲ್ಲಿ ಕಾರು ನಿಲ್ಲಿಸಲಿಲ್ಲ. ಕಾಯಿಲೆಯವರನ್ನು ನೋಡಲು ಜೀವನದಲ್ಲಿ ಮೊದಲ ಸಲ ಬರಿಗೈಯಲ್ಲಿ ಹೋದೆ. ಆಸ್ಪತ್ರೆಯ ಬಾಗಿಲಲ್ಲಿ ಆಲ್ತಾ ಬಂದು ಆ ಕೈಯನ್ನು ಹಿಡಿದುಕೊಂಡಳು.